ದೋಷಾರೋಪ ಪಟ್ಟಿಗೆ ಸೇರದ ಹಾಳೆಗಳು: ಆರೋಪಿಗೆ ಅನುಕೂಲವಾದ ಸಾಕ್ಷ್ಯ ಬಚ್ಚಿಟ್ಟವರನ್ನು ಹೊಣೆ ಮಾಡುವುದು ಹೇಗೆ

ಪೊಲೀಸರು ಹನ್ನೆರಡು ಜನರ ಹೇಳಿಕೆ ಬರೆದುಕೊಂಡು ಹತ್ತನ್ನು ಮಾತ್ರ ದೋಷಾರೋಪ ಪಟ್ಟಿಗೆ ಲಗತ್ತಿಸಿದರು ಎಂದಿಟ್ಟುಕೊಳ್ಳಿ. ಉಳಿದ ಇಬ್ಬರು ಹೇಳಿದ್ದು 'ಆ ಹೊತ್ತಿಗೆ ಆತ ಅಲ್ಲಿರಲಿಲ್ಲ' ಎಂದು. ಆ ಎರಡು ಹಾಳೆ ಠಾಣೆಯ ಕಡತದಲ್ಲೇ ಕೂತಿವೆ. ಅವನ್ನು ಹೊರಗೆ ತರಿಸಲು ಕಾನೂನಿನಲ್ಲಿ ದಾರಿಯಿದೆ, ಬಚ್ಚಿಟ್ಟವರನ್ನು ಹೊಣೆ ಮಾಡಲೂ ದಾರಿಯಿದೆ. ಆದರೆ ಎರಡನೆಯದು ನಿಂತಿರುವುದು ಮೊದಲನೆಯದರ ಮೇಲೆ. ಲಿಖಿತವಾಗಿ ಕೇಳಿರಲೇ ಇಲ್ಲ ಎಂದಾದರೆ, ತೀರ್ಪು ಬಂದ ಮೇಲೆ ಬರೆಯುವ ದೂರಿಗೆಲ್ಲ 'ನಮ್ಮನ್ನು ಯಾರೂ ಕೇಳಲಿಲ್ಲವಲ್ಲ' ಎಂಬ ಒಂದೇ ಉತ್ತರ ಸಾಕಾಗುತ್ತದೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಕೇಳುವ ಕ್ರಮಕ್ಕೆ.

ಕಲಂಗಳ ಸಂಖ್ಯೆ ಬಗ್ಗೆ ಒಂದು ಮಾತು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ಬಂದಿದೆ. ಅಂದಿಗೆ ವಿಚಾರಣೆ ನಡೆಯುತ್ತಿದ್ದ ಪ್ರಕರಣ ಹಳೆಯ ಸಂಹಿತೆಯಲ್ಲೇ ಮುಂದುವರಿಯುತ್ತದೆ. ಅದಕ್ಕೇ ಮುಖ್ಯವಾದ ಕಡೆ ಹಳೆಯ ಸಂಖ್ಯೆಯನ್ನೂ ಕೊಟ್ಟಿದೆ.

ಕೇಳುವ ಹಕ್ಕು ಎಲ್ಲಿಂದ ಬಂತು

ಬಿಎನ್‌ಎಸ್‌ಎಸ್ ಕಲಂ 230 (ಹಳೆಯದು 207) ಪ್ರಕಾರ ಆರೋಪಿ ಹಾಜರಾದ ದಿನದಿಂದ 14 ದಿನದೊಳಗೆ ಎಫ್‌ಐಆರ್, ಪೊಲೀಸ್ ವರದಿ, ಸಾಕ್ಷಿಗಳ ಹೇಳಿಕೆ ಮತ್ತು ಜೊತೆಗಿನ ದಾಖಲೆಗಳ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇದು ಪ್ರಾಸಿಕ್ಯೂಷನ್ ನೆಚ್ಚಿಕೊಂಡ ದಾಖಲೆಗಳಿಗೆ ಸಂಬಂಧಿಸಿದ್ದು. ನೆಚ್ಚಿಕೊಳ್ಳದೆ ಪಕ್ಕಕ್ಕಿಟ್ಟಿದ್ದರ ಬಗ್ಗೆ ಕಲಂ ಮೌನವಾಗಿದೆ. ಬಚ್ಚಿಡುವವರಿಗೆ ಅನುಕೂಲವಾಗಿದ್ದು ಆ ಮೌನವೇ.

ಅದನ್ನು ತುಂಬಿದ್ದು ಸುಪ್ರೀಂ ಕೋರ್ಟ್. ಕ್ರಿಮಿನಲ್ ವಿಚಾರಣೆಗಳ ಲೋಪಗಳ ಬಗ್ಗೆ ತಾನೇ ಕೈಗೆತ್ತಿಕೊಂಡ ಪ್ರಕರಣದಲ್ಲಿ 2021ರ ಏಪ್ರಿಲ್ 20ರಂದು ಅದು ಕರಡು ನಿಯಮಗಳಿಗೆ ಒಪ್ಪಿಗೆ ಕೊಟ್ಟಿತು. ಅದರ 4ನೇ ನಿಯಮದಂತೆ, ತನಿಖಾಧಿಕಾರಿ ನೆಚ್ಚಿಕೊಳ್ಳದ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕು. 2022ರ ಮೇ 20ರ ಮನೋಜ್ ವಿರುದ್ಧ ಮಧ್ಯಪ್ರದೇಶ ತೀರ್ಪು, ಈ ನಿಯಮವನ್ನು ಎಲ್ಲ ಕ್ರಿಮಿನಲ್ ವಿಚಾರಣೆಗಳಲ್ಲೂ ಪಾಲಿಸಬೇಕು ಎಂದಿತು. ಅಕ್ರಮ ಹಣ ವರ್ಗಾವಣೆ ಪ್ರಕರಣಗಳಿಗೂ ಇಂಥ ಪಟ್ಟಿ ಅನ್ವಯಿಸುತ್ತದೆ ಎಂದು 2025ರ ಮೇ 7ರ ಸರಳಾ ಗುಪ್ತಾ ತೀರ್ಪು ಹೇಳಿದೆ.

ಇಲ್ಲಿ ಸಿಗುವುದು ಪಟ್ಟಿ, ದಾಖಲೆಗಳಲ್ಲ. ಪಟ್ಟಿ ನೋಡಿಕೊಂಡು ಬೇಕಾದ್ದನ್ನು ಪ್ರತ್ಯೇಕ ಅರ್ಜಿಯಲ್ಲಿ ಕೇಳಬೇಕು. ತಡವಾದರೆ ಇದೂ ಕೈತಪ್ಪುತ್ತದೆ: ವಿಚಾರಣೆ ಮುಗಿದು ಮೇಲ್ಮನವಿಗೆ ಹೋದ ಮೇಲೆ ಮನೋಜ್ ತೀರ್ಪು ಹಿಡಿದು ಬಂದವರಿಗೆ 2022ರ ನವೆಂಬರ್‌ನ ಪೊನ್ನುಸಾಮಿ ತೀರ್ಪಿನಲ್ಲಿ ಪರಿಹಾರ ಸಿಗಲಿಲ್ಲ.

ಪ್ರತಿ ಕೈಗೆ ಬಂದ ದಿನ

ಕೇಸು ಅರ್ಧ ಹಾಳಾಗುವುದು ಈ ಹತ್ತು ನಿಮಿಷದಲ್ಲಿ. ಬೆಂಚ್ ಗುಮಾಸ್ತರು ದಪ್ಪನೆಯ ಕಟ್ಟು ಮುಂದೆ ಚಾಚುತ್ತಾರೆ, ಆದೇಶ ಹಾಳೆಯಲ್ಲಿ ಬೆರಳಿಟ್ಟು ತೋರಿಸಿದ ಕಡೆ ಆರೋಪಿ ಸಹಿ ಹಾಕುತ್ತಾನೆ. 'ಕಲಂ 230 ಪಾಲನೆಯಾಗಿದೆ' ಎಂದು ಒಂದು ಸಾಲು ಬೀಳುತ್ತದೆ. ಆರು ತಿಂಗಳ ನಂತರ 43ನೇ ಪುಟ ಇಲ್ಲ ಎಂದರೆ ಆ ಸಹಿಯನ್ನೇ ತೋರಿಸುತ್ತಾರೆ.

ಸಹಿಯ ಪಕ್ಕದಲ್ಲೇ 'ಪುಟ ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಿದೆ' ಎಂದು ಬರೆಯಿರಿ. ವಕೀಲರು ಅದನ್ನು ಬಾಯಲ್ಲಿ ಹೇಳಿ, ಆದೇಶ ಹಾಳೆಯಲ್ಲಿ ನಮೂದಿಸಲು ಕೋರಬೇಕು. ಬಿಎನ್‌ಎಸ್‌ಎಸ್ ಕಲಂ 193(8)ರಂತೆ ಪ್ರತಿಗಳಿಗೆ ಸೂಚಿ ಇರಲೇಬೇಕು. ಮನೆಗೆ ಹೋದ ರಾತ್ರಿಯೇ ಸೂಚಿಯ ಸಾಲು ಸಾಲಿಗೂ ಪುಟ ತಾಳೆ ನೋಡಿ ಮೂರು ಪಟ್ಟಿ ಮಾಡಿ: ಇಲ್ಲದ ಪುಟ, ಓದಲಾಗದ ಪುಟ, ತೆರೆಯದ ಫೈಲು. ಮುಂದಿನ ಮುದ್ದತಿಗೆ ಅದು ಮೆಮೊ ಆಗಿ ನ್ಯಾಯಾಲಯಕ್ಕೆ ಹೋಗಬೇಕು.

ಈಗ ಪ್ರತಿಗಳನ್ನು ಪೆನ್‌ಡ್ರೈವ್‌ನಲ್ಲೂ ಕೊಡಬಹುದು, ಅದನ್ನು ಕಾನೂನು ಒಪ್ಪುತ್ತದೆ. ಹಾಗೆ ಕೊಟ್ಟರೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಹುಡುಕಿ. ಅದರಲ್ಲಿ ಹ್ಯಾಶ್ ಮೌಲ್ಯ ಎಂಬ ಉದ್ದನೆಯ ಅಕ್ಷರ-ಅಂಕಿಗಳ ಸಾಲು ಇರುತ್ತದೆ. ನಿಮಗೆ ಸಿಕ್ಕ ಫೈಲಿನ ಹ್ಯಾಶ್ ತೆಗೆಸಿ ನೋಡಿ. ಒಂದು ಅಕ್ಷರ ಬೇರೆಯಾದರೂ ಅದು ಅದೇ ಫೈಲಲ್ಲ. ಇದರ ಅರ್ಥ ಯಾರೋ ತಿದ್ದಿದ್ದಾರೆ ಎಂದೇ ಆಗಬೇಕಿಲ್ಲ, ಬೇರೆ ನಮೂನೆಗೆ ಬದಲಾಯಿಸಿ ಕೊಟ್ಟಿರಲೂಬಹುದು. ಮೂಲದ ಪಡಿಯಚ್ಚು ಕೇಳಲು ಅಷ್ಟು ಕಾರಣ ಸಾಕು. ಮೆಮೊರಿ ಕಾರ್ಡಿನಲ್ಲಿರುವುದೂ 'ದಾಖಲೆ'ಯೇ ಎಂದು 2019ರ ಗೋಪಾಲಕೃಷ್ಣನ್ ವಿರುದ್ಧ ಕೇರಳ ತೀರ್ಪು ಹೇಳಿದೆ. ಸಂತ್ರಸ್ತೆಯ ಖಾಸಗಿತನದ ಪ್ರಶ್ನೆ ಇದ್ದರೆ ಪ್ರತಿ ಕೊಡದೆ ಪರಿಶೀಲನೆಗಷ್ಟೇ ಅವಕಾಶ ಕೊಡಬಹುದು.

ಕೈಯಲ್ಲಿ ದಿನಗಳು ಹೆಚ್ಚಿಲ್ಲ. ಮ್ಯಾಜಿಸ್ಟ್ರೇಟರ ಮುಂದಿನ ವಾರಂಟ್ ಪ್ರಕರಣದಲ್ಲಿ ಪ್ರತಿ ಸಿಕ್ಕ ದಿನದಿಂದ 60 ದಿನದೊಳಗೆ ಬಿಡುಗಡೆ ಅರ್ಜಿ, ಅಂದರೆ ವಿಚಾರಣೆಗೆ ಮುಂಚೆಯೇ ಆರೋಪದಿಂದ ಕೈಬಿಡಿ ಎಂಬ ಅರ್ಜಿ, ಹಾಕಬೇಕು (ಕಲಂ 262). ಸೆಷನ್ಸ್ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು ಅದನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಿದ ದಿನದಿಂದ 60 ದಿನ (ಕಲಂ 250). ಪ್ರತಿಗಳು ಅಪೂರ್ಣ ಎಂಬ ಮೆಮೊ ಕಡತದಲ್ಲಿದ್ದರೆ 'ಆ 60 ದಿನ ಇನ್ನೂ ಶುರುವಾಗಿಲ್ಲ' ಎಂದು ವಾದಿಸಲು ನೆಲೆಯಿರುತ್ತದೆ.

ಏನು ಕಾಣೆಯಾಗಿದೆ ಎಂದು ಗೊತ್ತಾಗುವುದು ಹೇಗೆ

ಬಚ್ಚಿಟ್ಟದ್ದು ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ಪೊಲೀಸ್ ಕೆಲಸದಲ್ಲಿ ಒಂದು ಕಾಗದ ಇನ್ನೊಂದು ಕಾಗದದ ನೆರಳು ಬಿಟ್ಟುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಬಿಟ್ಟುಕೊಡುವುದು ರಿಮಾಂಡ್ ಅರ್ಜಿಗಳು ಮತ್ತು ಜಾಮೀನಿಗೆ ಸಲ್ಲಿಸಿದ ತಕರಾರು. ಆರೋಪಿಯನ್ನು ಕಸ್ಟಡಿಯಲ್ಲೇ ಇಟ್ಟುಕೊಳ್ಳುವ ತವಕದಲ್ಲಿ 'ಇಂತಿಂಥವರನ್ನು ವಿಚಾರಿಸಿದ್ದೇವೆ, ಸಿಸಿಟಿವಿ ಪಡೆದಿದ್ದೇವೆ, ಮೊಬೈಲ್ ಪರೀಕ್ಷೆಗೆ ಕಳಿಸಿದ್ದೇವೆ' ಎಂದು ತನಿಖಾಧಿಕಾರಿ ಧಾರಾಳವಾಗಿ ಬರೆದಿರುತ್ತಾರೆ. ಇವು ನ್ಯಾಯಾಲಯದ ಕಡತದಲ್ಲೇ ಇರುವುದರಿಂದ ನಕಲು ಅರ್ಜಿ ಹಾಕಿ ದೃಢೀಕೃತ ಪ್ರತಿ ತೆಗೆಸಿ. ಅದರಲ್ಲಿರುವ ಹೆಸರುಗಳನ್ನು ದೋಷಾರೋಪ ಪಟ್ಟಿಯ ಸಾಕ್ಷಿಗಳ ಕಾಲಂ ಪಕ್ಕ ಇಟ್ಟು ನೋಡಿ. ಅಲ್ಲಿದ್ದು ಇಲ್ಲಿ ಇಲ್ಲದ ಹೆಸರೇ ನೀವು ಹುಡುಕುತ್ತಿರುವುದು.

ಆಮೇಲೆ ಮಹಜರು. ಸ್ಥಳ ಮಹಜರಿನಲ್ಲಿ ವಶಪಡಿಸಿಕೊಂಡ ಪ್ರತಿ ವಸ್ತುವಿಗೂ ಪಿ.ಎಫ್. (ಠಾಣೆಯ ಸ್ವತ್ತು ನಮೂನೆ) ಸಂಖ್ಯೆ ಇರಬೇಕು. ಪಿ.ಎಫ್.ನಲ್ಲಿದ್ದು ದೋಷಾರೋಪ ಪಟ್ಟಿಯ ಸ್ವತ್ತಿನ ಕಾಲಂನಲ್ಲಿ ಇಲ್ಲದಿದ್ದರೆ ಆ ಮುದ್ದೆಮಾಲು ಎಲ್ಲಿ? ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದ ಪತ್ರದಲ್ಲಿ ಐದು ವಸ್ತು ಇದ್ದು ವರದಿ ಮೂರಕ್ಕೆ ಮಾತ್ರ ಬಂದಿದ್ದರೆ ಉಳಿದೆರಡರ ಫಲಿತಾಂಶ ಏನಾಯಿತು? ಗಾಯದ ಪ್ರಮಾಣಪತ್ರದಲ್ಲಿ ಎಂಎಲ್‌ಸಿ, ಅಂದರೆ ವೈದ್ಯಕೀಯ-ಕಾನೂನು ಪ್ರಕರಣದ, ಸಂಖ್ಯೆ ಇರುತ್ತದೆ. ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಲ್ಲಿ ಗಾಯಾಳು ಮೊದಲು ಹೇಳಿದ ಕಾರಣ ದಾಖಲಾಗಿರುತ್ತದೆ. ಅದು ಎಷ್ಟೋ ಸಲ ಎಫ್‌ಐಆರ್‌ಗಿಂತ ಮುಂಚಿನದು, ಎಷ್ಟೋ ಸಲ ಬೇರೆಯದೇ ಕಥೆ. 112ಕ್ಕೆ ಹೋದ ಮೊದಲ ಕರೆಯ ದಾಖಲೆಯೂ ಅಷ್ಟೇ ಬೆಲೆಯುಳ್ಳದ್ದು.

ಹೊಸ ಸಂಹಿತೆ ಇನ್ನೂ ಎರಡು ನೆರಳು ಕೊಟ್ಟಿದೆ. ಶೋಧ ಮತ್ತು ವಶಪಡಿಸುವಿಕೆಯನ್ನು ಕಲಂ 105ರಂತೆ ಆಡಿಯೊ-ವಿಡಿಯೊ ಮಾಡಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಿ, ಅದನ್ನೂ ಚಿತ್ರೀಕರಿಸಬೇಕೆಂದು ಕಲಂ 176(3) ಹೇಳುತ್ತದೆ. ದೋಷಾರೋಪ ಪಟ್ಟಿಯ ಜೊತೆ ಈ ವಿಡಿಯೊ ಇಲ್ಲದಿದ್ದರೆ ಕೇಳಲೇಬೇಕು. ಇದ್ದರೆ ಕೊಡಬೇಕಾಗುತ್ತದೆ, ಇಲ್ಲದಿದ್ದರೆ ಏಕಿಲ್ಲ ಎಂದು ಬರೆದುಕೊಡಬೇಕಾಗುತ್ತದೆ. ಎರಡೂ ನಿಮಗೆ ಉಪಯೋಗವೇ.

ಕಾಣದ್ದೆಲ್ಲ ಕದ್ದಿಟ್ಟದ್ದು ಎಂದು ಮಾತ್ರ ತಿಳಿಯಬೇಡಿ. ಹೇಳಿಕೆಯ ಒಂದು ಭಾಗವನ್ನು ಆರೋಪಿಗೆ ಕೊಡಬಾರದು ಎಂದು ತನಿಖಾಧಿಕಾರಿ ಕಾರಣಸಹಿತ ಟಿಪ್ಪಣಿ ಬರೆದು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಲು ಕಲಂ 193(7) ಅವಕಾಶ ಕೊಡುತ್ತದೆ. ಅಂಥ ಟಿಪ್ಪಣಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ವಾದ ಬೇರೆ: ಆ ಭಾಗವನ್ನು ಓದಿ ನೋಡಿ ಕೊಡಿಸಿ ಎಂದು ಮ್ಯಾಜಿಸ್ಟ್ರೇಟರನ್ನು ಕೇಳಬೇಕು.

ಅಳಿಸಿಹೋಗುವುದನ್ನು ಮೊದಲು ಹಿಡಿಯಿರಿ

ದೋಷಾರೋಪ ಪಟ್ಟಿ ಬರಲಿ ಎಂದು ಕಾಯುತ್ತ ಕೂತರೆ ಸಿಸಿಟಿವಿ ಉಳಿದಿರುವುದಿಲ್ಲ. ಅಂಗಡಿ, ಅಪಾರ್ಟ್‌ಮೆಂಟಿನ ಡಿವಿಆರ್‌ಗಳು ಡಿಸ್ಕ್ ತುಂಬಿದ ಹಾಗೆ ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತವೆ. ಬಂಧನವಾದ ವಾರದೊಳಗೆ ಮಾಲೀಕರಿಗೆ ಒಂದು ಪತ್ರ ಕೊಡಿ: ಯಾವ ಕ್ಯಾಮೆರಾ, ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ, ಅಳಿಸದೆ ಉಳಿಸಿಕೊಳ್ಳಿ. ಪತ್ರದ ನಕಲಿನ ಮೇಲೆ ಸ್ವೀಕೃತಿ ತಗೊಳ್ಳಿ. ಡಿವಿಆರ್ ಗಡಿಯಾರಕ್ಕೂ ನಿಜವಾದ ಸಮಯಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಆ ದಿನವೇ ಗುರುತು ಹಾಕಿಕೊಂಡರೆ ಮುಂದೆ ದೊಡ್ಡ ತಲೆನೋವು ತಪ್ಪುತ್ತದೆ.

ಪೊಲೀಸ್ ಠಾಣೆಯ ಕ್ಯಾಮೆರಾ ದೃಶ್ಯಗಳನ್ನು 18 ತಿಂಗಳು ಇಡಬೇಕು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಆಗಬಾರದು ಎಂದು 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಹೇಳಿದೆ. ಕರೆ ವಿವರಗಳನ್ನು ಮೊಬೈಲ್ ಕಂಪನಿಗಳು ಕನಿಷ್ಠ 2 ವರ್ಷ ಇಡಬೇಕು, ಆದರೆ ನೀವು ಕೇಳಿದರೆ ಅವರು ಇನ್ನೊಬ್ಬರ ವಿವರ ಕೊಡುವುದಿಲ್ಲ. ಹಾಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಸಂರಕ್ಷಣೆಗೆ ಮಾತ್ರ ಕೋರುವ ಚಿಕ್ಕ ಅರ್ಜಿ ಹಾಕಿ. 'ಈಗ ಕೊಡಿ' ಎಂದರೆ ತಕರಾರು ಬರುತ್ತದೆ, 'ಅಳಿಸಬೇಡಿ ಎನ್ನಿ' ಎಂದರೆ ಬೇಡವೆನ್ನಲು ಪ್ರಾಸಿಕ್ಯೂಷನ್‌ಗೆ ಕಾರಣ ಸಿಗುವುದು ಕಷ್ಟ.

ಅರ್ಜಿ ಬರೆಯುವ ಬಗೆ

ಮೊದಲು ಸರ್ಕಾರಿ ಅಭಿಯೋಜಕರಿಗೆ (ಪಬ್ಲಿಕ್ ಪ್ರಾಸಿಕ್ಯೂಟರ್) ಒಂದು ಪತ್ರ. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನಮ್ಮಲ್ಲಿ ಅಭಿಯೋಜಕರ ಕೈಗೆ ಬರುವುದು ಪೊಲೀಸರು ಕೊಟ್ಟ ಕಡತವಷ್ಟೇ. ಡಿವಿಆರ್ ಇತ್ತೆಂಬುದೇ ಅವರಿಗೆ ಗೊತ್ತಿಲ್ಲದಿರಬಹುದು. ಗೊತ್ತಿಲ್ಲದವರನ್ನು ಹೊಣೆ ಮಾಡಲಾಗದು. ಪಟ್ಟಿ ಮಾಡಿದ ಪತ್ರ ಅವರ ಕಚೇರಿಯ ಮುದ್ರೆ ಬಿದ್ದು ನಿಮ್ಮ ಕೈಗೆ ವಾಪಸು ಬಂದ ದಿನದಿಂದ 'ಗೊತ್ತಿರಲಿಲ್ಲ' ಎಂಬ ಮಾತು ಅವರಿಗಿಲ್ಲ. ಹತ್ತು ದಿನ ಕಾದು ನ್ಯಾಯಾಲಯಕ್ಕೆ ಹೋಗಿ.

ಅಲ್ಲಿ ಎರಡು ಬೇರೆ ಅರ್ಜಿ ಬೇಕು, ಬೆರೆಸಬೇಡಿ. ಮೊದಲನೆಯದು ಕಲಂ 230 ಮತ್ತು ಮನೋಜ್ ತೀರ್ಪಿನ ಅಡಿ ನೆಚ್ಚಿಕೊಳ್ಳದ ದಾಖಲೆಗಳ ಪಟ್ಟಿಗೆ. ಇದನ್ನು ನ್ಯಾಯಾಲಯ ಆರೋಪ ಹೊರಿಸುವ ಮುಂಚೆಯೇ ಕೇಳಬೇಕು. ಎರಡನೆಯದು ನಿರ್ದಿಷ್ಟ ದಾಖಲೆ ತರಿಸಲು ಕಲಂ 94ರ (ಹಳೆಯದು 91) ಅಡಿ. ಇದಕ್ಕೊಂದು ತೊಡಕಿದೆ. ಆರೋಪ ಹೊರಿಸುವ ಹಂತದಲ್ಲಿ ಸಾಮಾನ್ಯವಾಗಿ ಆರೋಪಿ ಈ ಕಲಂ ಬಳಸುವಂತಿಲ್ಲ ಎಂದು 2004ರ ದೇಬೇಂದ್ರನಾಥ ಪಾಧಿ ತೀರ್ಪು ಹೇಳುತ್ತದೆ, ಅಭಿಯೋಜಕರು ಓದುವುದೂ ಅದನ್ನೇ. ಕರ್ನಾಟಕದ ಪ್ರಕರಣವೊಂದರಿಂದ ಹೊರಟ ನಿತ್ಯ ಧರ್ಮಾನಂದ ವಿರುದ್ಧ ಗೋಪಾಲ್ ಶೀಲಂ ರೆಡ್ಡಿ ತೀರ್ಪು (2017) ಇದಕ್ಕೆ ಕಿಟಕಿ ತೆರೆದಿದೆ: ಸಂಶಯಕ್ಕೆಡೆಯಿಲ್ಲದ ಗುಣಮಟ್ಟದ ಸಾಕ್ಷ್ಯವನ್ನು ತನಿಖಾಧಿಕಾರಿ ತಡೆಹಿಡಿದಿದ್ದಾರೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಆ ಹಂತದಲ್ಲೂ ತರಿಸಬಹುದು. ಸರ್ಕಾರಿ ಆಸ್ಪತ್ರೆಯ ದಾಖಲೆ, ಪೊಲೀಸರೇ ವಶಪಡಿಸಿಕೊಂಡ ದೃಶ್ಯ, ಪ್ರಯೋಗಾಲಯದ ವರದಿ ಇಂಥವನ್ನು ಈ ದಾರಿಯಲ್ಲಿ ಕೇಳಬಹುದು. ಗೆಳೆಯರ ಅಫಿಡವಿಟ್‌ಗೆ ಈ ಕಿಟಕಿ ತೆರೆಯುವುದಿಲ್ಲ.

ಅರ್ಜಿಯ ಮೈ ಹೀಗಿರಲಿ:

"ದಿನಾಂಕ ____ರ ಸ್ಥಳ ಮಹಜರಿನ 2ನೇ ಪುಟದಲ್ಲಿ ಡಿವಿಆರ್ ಒಂದನ್ನು ವಶಪಡಿಸಿಕೊಂಡ ಬಗ್ಗೆ ನಮೂದಿದ್ದು, ಸದರಿ ಸ್ವತ್ತು ಪಿ.ಎಫ್. ಸಂಖ್ಯೆ ____ರಲ್ಲಿ ದಾಖಲಾಗಿರುತ್ತದೆ. ಸದರಿ ಸ್ವತ್ತನ್ನು ದೋಷಾರೋಪ ಪಟ್ಟಿಯಲ್ಲಿ ತೋರಿಸಿರುವುದಿಲ್ಲ. ರಾತ್ರಿ 9.10ರಿಂದ 9.40ರವರೆಗಿನ ದೃಶ್ಯಾವಳಿಯು ಆರೋಪಿಯು ಸ್ಥಳದಲ್ಲಿ ಇದ್ದನೇ ಎಂಬುದನ್ನು ನಿರ್ಣಯಿಸಲು ಅವಶ್ಯಕವಾಗಿರುತ್ತದೆ. ದಿನಾಂಕ ____ರಂದು ಮಾನ್ಯ ಸರ್ಕಾರಿ ಅಭಿಯೋಜಕರಿಗೆ ಲಿಖಿತ ಮನವಿ ಸಲ್ಲಿಸಿದ್ದರೂ ಉತ್ತರ ಬಂದಿರುವುದಿಲ್ಲ. ಆದ್ದರಿಂದ ಸದರಿ ಸ್ವತ್ತನ್ನು ಹಾಜರುಪಡಿಸಲು ಅಥವಾ ಅದು ಲಭ್ಯವಿಲ್ಲದಿದ್ದಲ್ಲಿ ಕಾರಣವನ್ನು ಅಫಿಡವಿಟ್ ಮೂಲಕ ತಿಳಿಸಲು ತನಿಖಾಧಿಕಾರಿಗೆ ಆದೇಶಿಸಬೇಕಾಗಿ ಪ್ರಾರ್ಥನೆ."

ಇದರ ಜೀವ ಇರುವುದು ಕೊನೆಯ ವಾಕ್ಯದಲ್ಲಿ. 'ಲಭ್ಯವಿಲ್ಲ' ಎಂದು ವಕೀಲರ ಬಾಯಿಂದ ಬಂದರೆ ಗಾಳಿಗೆ ಹೋಗುತ್ತದೆ. ತನಿಖಾಧಿಕಾರಿ ಪ್ರಮಾಣ ಮಾಡಿ ಬರೆದುಕೊಟ್ಟು, ಅದು ಸುಳ್ಳೆಂದು ಮುಂದೆ ತಿಳಿದರೆ ಅದೇ ಬೇರೊಂದು ಅಪರಾಧವಾಗುತ್ತದೆ.

ಅರ್ಜಿ ಬೀಳುವುದು ಹೆಚ್ಚಾಗಿ ಎರಡು ಕಾರಣಕ್ಕೆ. 'ತನಿಖೆಗೆ ಸಂಬಂಧಿಸಿದ ಎಲ್ಲ ದಾಖಲೆಗಳು' ಎಂದು ಕೇಳುವುದು ಒಂದು. ಎಲ್ಲವನ್ನೂ ಕೇಳಿದವರಿಗೆ ಏನೂ ಸಿಗುವುದಿಲ್ಲ. ಕೇಸ್ ಡೈರಿಯನ್ನೇ ಕೇಳುವುದು ಇನ್ನೊಂದು. ಕಲಂ 192ರ ಪ್ರಕಾರ ಅದು ಆರೋಪಿಗೆ ಸಿಗದು. ಪೊಲೀಸ್ ಅಧಿಕಾರಿ ಸಾಕ್ಷಿಕಟ್ಟೆಯಲ್ಲಿ ನೆನಪಿಗಾಗಿ ನೋಡಿದರೆ ಅಥವಾ ನ್ಯಾಯಾಲಯ ಅವರ ಮಾತಿಗೆ ವಿರುದ್ಧವಾಗಿ ಬಳಸಿದರೆ ಮಾತ್ರ ಆ ಭಾಗ ನೋಡಬಹುದು. ಆದರೆ ನ್ಯಾಯಾಧೀಶರು ತಾವೇ ತರಿಸಿ ಓದಬಹುದು, ಆದ್ದರಿಂದ 'ನ್ಯಾಯಾಲಯ ಪರಿಶೀಲಿಸಲಿ' ಎಂದು ಕೇಳಿ.

ಅರ್ಜಿ ವಜಾ ಆದರೆ ರಿವಿಷನ್ (ಮೇಲಿನ ನ್ಯಾಯಾಲಯಕ್ಕೆ ಮರುಪರಿಶೀಲನಾ ಅರ್ಜಿ) ಹಾಕುವ ಮುನ್ನ ಯೋಚಿಸಿ. ಇಂಥ ಆದೇಶ ಮಧ್ಯಂತರದ್ದು, ರಿವಿಷನ್ ನಿಲ್ಲದು ಎಂಬ ಸುಪ್ರೀಂ ಕೋರ್ಟ್ ತೀರ್ಪಿದೆ. ಕಲಂ 528ರ (ಹಳೆಯದು 482) ಅಡಿ ಹೈಕೋರ್ಟಿಗೆ ಹೋಗುವುದು ವಾಸಿ. ಅಲ್ಲೂ ಸೋತರೆ ಪ್ರತಿವಾದದ ಸಾಕ್ಷ್ಯದ ಹಂತದಲ್ಲಿ ಸೆಷನ್ಸ್ ಪ್ರಕರಣಕ್ಕೆ ಕಲಂ 256, ವಾರಂಟ್ ಪ್ರಕರಣಕ್ಕೆ 266 ಇವೆ. ಆಗ ಕೇಳಿದ್ದನ್ನು ಕಾಲಹರಣ, ಕಿರುಕುಳ ಅಥವಾ ನ್ಯಾಯದ ಉದ್ದೇಶ ಕೆಡಿಸುವಂಥದ್ದು ಎಂದು ಕಾರಣ ಬರೆದು ಮಾತ್ರ ನಿರಾಕರಿಸಬಹುದು. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆದ ಅಕ್ರಮ ಆಸ್ತಿ ಪ್ರಕರಣದಲ್ಲಿ ವಿ.ಕೆ. ಶಶಿಕಲಾ, ಆರೋಪಿಗಳ ಹೇಳಿಕೆ ಪಡೆಯುವ ಹಂತದಲ್ಲಿ, ನ್ಯಾಯಾಲಯದ ವಶದಲ್ಲಿದ್ದೂ ಸಾಕ್ಷ್ಯವಾಗಿ ಗುರುತಾಗದ (ನಿಶಾನೆ ಆಗದ) ದಾಖಲೆಗಳನ್ನು ನೋಡಲು ಕೇಳಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶ ಕೊಟ್ಟಿತು.

ಪಾಟಿ ಸವಾಲಿನಲ್ಲಿ

ತನಿಖಾಧಿಕಾರಿಗೆ ಪ್ರಶ್ನೆಗಳ ಸರಣಿ ಚಿಕ್ಕದಾಗಿರಲಿ. ಡಿವಿಆರ್ ವಶಪಡಿಸಿಕೊಂಡಿರಾ? ಪಿ.ಎಫ್. ಸಂಖ್ಯೆ ಇದೇನಾ? ನೋಡಿದಿರಾ? ಯಾರ ವಶದಲ್ಲಿದೆ? ಅಭಿಯೋಜಕರಿಗೆ ತಿಳಿಸಿದಿರಾ? ಇಲ್ಲಿಗೆ ನಿಲ್ಲಿಸಿ. 'ಏಕೆ ಹಾಜರುಪಡಿಸಲಿಲ್ಲ' ಎಂದು ಕೇಳಿದರೆ ಅವರಿಗೆ ವಿವರಣೆಯ ಬಾಗಿಲು ತೆರೆದುಕೊಟ್ಟಂತೆ. ಕೊನೆಯ ಪ್ರಶ್ನೆಗೆ ಬರುವ ಹೌದು-ಅಲ್ಲ ಎಂಬ ಉತ್ತರವೇ ಮುಂದೆ ಯಾರನ್ನು ಹೊಣೆ ಮಾಡಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ವಾದದ ವೇಳೆ ಸಾಕ್ಷ್ಯ ಅಧಿನಿಯಮದ ಕಲಂ 119ರ (ಹಳೆಯದು 114) ದೃಷ್ಟಾಂತ ಎತ್ತಿ: ಹಾಜರುಪಡಿಸಬಹುದಾಗಿದ್ದ ಸಾಕ್ಷ್ಯವನ್ನು ತಡೆದವರಿಗೆ ಆ ಸಾಕ್ಷ್ಯ ಪ್ರತಿಕೂಲವಾಗಿತ್ತು ಎಂದು ಊಹಿಸಬಹುದು. ಊಹಿಸಬಹುದು, ಊಹಿಸಲೇಬೇಕೆಂದಿಲ್ಲ. ಮೊದಲೇ ಅರ್ಜಿ ಹಾಕಿ ಕೇಳಿದ್ದವರಿಗೆ ಈ ವಾದ ಗಟ್ಟಿ. ಶಿಕ್ಷೆಯಾದ ಮೇಲೆ ಬಚ್ಚಿಟ್ಟದ್ದು ಸಿಕ್ಕಿದರೆ ಮೇಲ್ಮನವಿಯಲ್ಲಿ ಕಲಂ 432ರ (ಹಳೆಯದು 391) ಅಡಿ ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಹಾಕಬೇಕು.

ಹೊಣೆ ಮಾಡುವುದು

ಬಿಡುಗಡೆಯ ತೀರ್ಪು ಬರುವ ಮುಂಚೆಯೇ, ಲಿಖಿತ ವಾದದಲ್ಲಿ ಒಂದು ಕೋರಿಕೆ ಸೇರಿಸಿ: ಸಾಕ್ಷ್ಯ ತಡೆದ ಬಗ್ಗೆ ತೀರ್ಪಿನಲ್ಲಿ ಅಭಿಪ್ರಾಯ ದಾಖಲಿಸಬೇಕು. ನ್ಯಾಯಾಧೀಶರು ಬರೆದ ಎರಡು ಸಾಲು ನೀವು ಬರೆಯುವ ಇಪ್ಪತ್ತು ಪುಟದ ದೂರಿಗಿಂತ ಭಾರ. 2014ರ ಕಿಶನ್‌ಭಾಯ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಿಡುಗಡೆಯಾದ ಪ್ರಕರಣಗಳನ್ನು ಪರಿಶೀಲಿಸಿ ತಪ್ಪಿತಸ್ಥ ತನಿಖಾ ಮತ್ತು ಅಭಿಯೋಜನಾ ಅಧಿಕಾರಿಗಳ ಮೇಲೆ ಇಲಾಖಾ ಕ್ರಮ ಜರುಗಿಸಲು ಪ್ರತಿ ರಾಜ್ಯವೂ ವ್ಯವಸ್ಥೆ ಮಾಡಬೇಕೆಂದು ಆದೇಶಿಸಿದೆ. ತೀರ್ಪಿನ ಪ್ರತಿಯೊಂದಿಗೆ ಗೃಹ ಇಲಾಖೆಗೆ, ಅಭಿಯೋಜನಾ ನಿರ್ದೇಶಕರಿಗೆ ಈ ತೀರ್ಪನ್ನು ಹೆಸರಿಸಿಯೇ ಮನವಿ ಕೊಡಿ.

ಅಭಿಯೋಜಕರ ವಿರುದ್ಧ ಹೆಚ್ಚು ನೇರವಾದ ದಾರಿ ವಕೀಲರ ಪರಿಷತ್ತು. ಭಾರತೀಯ ವಕೀಲರ ಪರಿಷತ್ತಿನ ವೃತ್ತಿ ನಡವಳಿಕೆ ನಿಯಮಗಳಲ್ಲಿ 16ನೆಯದು ಇದಕ್ಕೇ ಇದೆ: ನಿರಪರಾಧಿಗೆ ಶಿಕ್ಷೆಯಾಗದಂತೆ ಪ್ರಾಸಿಕ್ಯೂಷನ್ ನಡೆಸಬೇಕು, ಆರೋಪಿಯ ನಿರಪರಾಧಿತ್ವ ತೋರಿಸಬಲ್ಲ ವಿಷಯವನ್ನು ಅಡಗಿಸುವುದನ್ನು ಕಟ್ಟುನಿಟ್ಟಾಗಿ ತಪ್ಪಿಸಬೇಕು. ವಕೀಲರ ಅಧಿನಿಯಮ 1961ರ ಕಲಂ 35ರ ಅಡಿ ರಾಜ್ಯ ಪರಿಷತ್ತಿಗೆ ದೂರು ಸಲ್ಲಿಸಿ, ಕಚೇರಿಯ ಮುದ್ರೆ ಬಿದ್ದ ಪತ್ರವನ್ನು ಮೊದಲ ಅನುಬಂಧವಾಗಿ ಹಚ್ಚಿ. 'ನಾನು ಸರ್ಕಾರಿ ನೌಕರ, ವಕೀಲನಲ್ಲ' ಎಂಬ ಉತ್ತರ ಬಂದರೆ 2013ರ ದೀಪಕ್ ಅಗರ್ವಾಲ್ ತೀರ್ಪು ತೋರಿಸಿ; ಸರ್ಕಾರಿ ಅಭಿಯೋಜಕರಾದ ಮಾತ್ರಕ್ಕೆ ವಕೀಲಿಕೆ ಹೋಗುವುದಿಲ್ಲ ಎಂದು ಅದು ಹೇಳಿದೆ. ಪರಿಷತ್ತಿನ ಶಿಸ್ತು ಸಮಿತಿ ದೂರನ್ನು ತಳ್ಳಿಹಾಕಿದರೆ 60 ದಿನದೊಳಗೆ ಭಾರತೀಯ ವಕೀಲರ ಪರಿಷತ್ತಿಗೆ ಮೇಲ್ಮನವಿ.

ಪೊಲೀಸ್ ಅಧಿಕಾರಿಯ ವಿಷಯಕ್ಕೆ ಬಂದರೆ, ಸುಳ್ಳು ಅಫಿಡವಿಟ್‌ಗೆ ಭಾರತೀಯ ನ್ಯಾಯ ಸಂಹಿತೆಯ (ಐಪಿಸಿ ಜಾಗಕ್ಕೆ ಬಂದದ್ದು) ಕಲಂ 229, ಸಾಕ್ಷ್ಯವಾಗಬೇಕಿದ್ದ ದಾಖಲೆ ನಾಶಕ್ಕೆ 241, ಹಾನಿ ಮಾಡುವ ಉದ್ದೇಶದಿಂದ ಕಾನೂನು ಮೀರಿದ್ದಕ್ಕೆ 198, ತಪ್ಪು ದಾಖಲೆ ಸೃಷ್ಟಿಸಿದ್ದಕ್ಕೆ 201 ಇವೆ. ನ್ಯಾಯಾಲಯದ ಮುಂದೆ ನಡೆದ ಸುಳ್ಳಿಗೆ ನೀವೇ ಖಾಸಗಿ ದೂರು ಹಾಕುವಂತಿಲ್ಲ. ಅದೇ ನ್ಯಾಯಾಲಯಕ್ಕೆ ಬಿಎನ್‌ಎಸ್‌ಎಸ್ ಕಲಂ 379ರ (ಹಳೆಯದು 340) ಅರ್ಜಿ ಕೊಡಬೇಕು. ಮರೆವು, ಉಡಾಫೆ ಸಾಲದು, ಉದ್ದೇಶ ತೋರಿಸಬೇಕು. ಕರ್ತವ್ಯದ ಹೆಸರಿನ ಕೃತ್ಯಕ್ಕೆ ಕಲಂ 218ರಂತೆ ಸರ್ಕಾರದ ಮಂಜೂರಾತಿ ಬೇಕು. ಹೊಸ ಸಂಹಿತೆಯಲ್ಲಿ 120 ದಿನದೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಮಂಜೂರಾದಂತೆ. ಕರ್ನಾಟಕದಲ್ಲಿ ಇದರ ಜೊತೆಗೆ ಪೊಲೀಸ್ ಅಧಿನಿಯಮ 1963ರ ಕಲಂ 170 ಇನ್ನೊಂದು ಬೇಲಿ, ಅದು ಸಿವಿಲ್ ದಾವೆಗೂ ಅಡ್ಡ ನಿಲ್ಲುತ್ತದೆ. ಇದನ್ನು ಮರೆತು ಹಾಕಿದ ದೂರು ಮೊದಲ ಮುದ್ದತಿನಲ್ಲೇ ಬೀಳುವ ಅಪಾಯವಿದೆ.

ಪರಿಹಾರದ ಮಾತು ಸಪ್ಪೆ. ಆಧಾರವಿಲ್ಲದ ಬಂಧನಕ್ಕೆ ಬಿಎನ್‌ಎಸ್‌ಎಸ್ ಕಲಂ 399 ಕೊಡಿಸುವ ಗರಿಷ್ಠ ಮೊತ್ತ 1,000 ರೂಪಾಯಿ, ಅದೂ ಬಂಧನಕ್ಕೆ ಕಾರಣನಾದ ವ್ಯಕ್ತಿಯಿಂದ. ತಪ್ಪು ಪ್ರಾಸಿಕ್ಯೂಷನ್‌ಗೆ ಪ್ರತ್ಯೇಕ ಪರಿಹಾರ ವ್ಯವಸ್ಥೆ ಬೇಕೆಂದು ಕಾನೂನು ಆಯೋಗ 2018ರ 277ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಸಂವಿಧಾನದ ದಾರಿಯಲ್ಲಿ ಹೋದವರಿಗೆ ದೊಡ್ಡ ಮೊತ್ತ ಸಿಕ್ಕಿದ್ದುಂಟು: ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ ಸುಪ್ರೀಂ ಕೋರ್ಟ್ 2018ರಲ್ಲಿ 50 ಲಕ್ಷ ರೂಪಾಯಿ ಕೊಡಿಸಿತು. ಅವರ ಬಂಧನವಾಗಿದ್ದು 1994ರಲ್ಲಿ. ದುರುದ್ದೇಶದ ಪ್ರಾಸಿಕ್ಯೂಷನ್ ಎಂದು ಸಿವಿಲ್ ದಾವೆ ಹೂಡುವುದಾದರೆ ಅವಧಿ ಬಿಡುಗಡೆಯ ತೀರ್ಪು ಬಂದ ದಿನದಿಂದ ಒಂದೇ ವರ್ಷ. ಸರ್ಕಾರವನ್ನು ಪ್ರತಿವಾದಿ ಮಾಡುವ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಹಾಗಾಗಿ ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ತೀರ್ಪು ಬಂದ ದಿನವೇ ಹೋಗಲಿ.